ಡಮ್ಮಿ ಲೋಡಿನಲ್ಲೇ ಮುಗಿಯಬೇಕಿದ್ದ ಸಿಗ್ನಲ್ ಹೊರಗೆ ಕೇಳಿಸಿದ ಬಗೆ: ಒಂದು ಪ್ರಕರಣ ಅಧ್ಯಯನ

ಹವ್ಯಾಸಿ ರೇಡಿಯೋ ನಿಲಯವೊಂದರಲ್ಲಿ 100 ವ್ಯಾಟ್ ಸಾಮರ್ಥ್ಯದ ಎಚ್‌ಎಫ್ (ಕಿರುತರಂಗ) ಟ್ರಾನ್ಸೀವರ್, ಅಂದರೆ ಕಳಿಸುವ ಹಾಗೂ ಕೇಳುವ ಯಂತ್ರ, ಇದ್ದು, ಅದರ ಔಟ್‌ಪುಟ್ ಹೊಂದಿಸುವುದು, ಮೈಕ್ ಗೇನ್ ಸರಿಪಡಿಸುವುದು ಮುಂತಾದ ಕೆಲಸಗಳನ್ನೆಲ್ಲ ಆಂಟೆನಾದ ಬದಲು ಡಮ್ಮಿ ಲೋಡ್ (ಶಕ್ತಿಯನ್ನು ಹೊರಬಿಡದೆ ಶಾಖವಾಗಿಸುವ ರೆಸಿಸ್ಟರ್ ಜೋಡಣೆ) ಮೇಲೆಯೇ ಮಾಡಲಾಗುತ್ತಿತ್ತು. ಸುಮಾರು 300 ಮೀಟರ್ ದೂರದಲ್ಲಿದ್ದ ಇನ್ನೊಬ್ಬ ಹವ್ಯಾಸಿಗೆ ಈ ಪರೀಕ್ಷೆಯ ಕ್ಯಾರಿಯರ್ (ಮಾತು, ಸಂಕೇತಗಳಿಲ್ಲದ ಬರಿಯ ರೇಡಿಯೋ ಅಲೆ) 21 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ರಿಸೀವರಿನ ಬಲಸೂಚಕವಾದ ಎಸ್ ಮೀಟರಿನ ಎಸ್9 ಗುರುತಿಗಿಂತ 30 ಡೆಸಿಬೆಲ್ ಮೇಲೆ ಕೇಳಿಸಿತು. ಅಷ್ಟು ಬಲದ ಸಿಗ್ನಲ್ ಕೇಳಿದವರು ಅದು ಆಂಟೆನಾದಿಂದಲೇ ಬರುತ್ತಿದೆ ಎಂದು ನಂಬುವುದು ಸಹಜ. ನಿಲಯದ ಹವ್ಯಾಸಿಯವರು ಮಾತ್ರ, ಕಳಿಸಿದ ಶಕ್ತಿಯಲ್ಲಿ ಎಷ್ಟು ಹಿಂದಿರುಗುತ್ತಿದೆ ಎಂದು ಸೂಚಿಸುವ ಎಸ್‌ಡಬ್ಲ್ಯುಆರ್ ಮೀಟರ್ ತೋರಿಸಿ, “ಎಸ್‌ಡಬ್ಲ್ಯುಆರ್ 1.1 ಇದೆ, ಪವರ್ ಪೂರ್ತಿ ಲೋಡಿಗೇ ಹೋಗ್ತಾ ಇದೆ, ಹೊರಗೆ ಹೋಗೋದಕ್ಕೆ ಏನು ಉಳೀತು ಸರ್?” ಎಂದು ಕೇಳಿದರು. ಈ ಪ್ರಶ್ನೆಯೇ ಪ್ರಕರಣದ ಗಂಟು. ಆದ್ದರಿಂದ ಉಪಕರಣಗಳ ವಿವರಕ್ಕೆ ಹೋಗುವ ಮೊದಲು ಇದಕ್ಕೆ ಉತ್ತರ ಹೇಳಬೇಕು.

ಎಸ್‌ಡಬ್ಲ್ಯುಆರ್ 1.1 ಎಂದರೆ 100 ವ್ಯಾಟ್‌ಗಳಲ್ಲಿ ಸುಮಾರು 0.23 ವ್ಯಾಟ್ ಹಿಂದಿರುಗುತ್ತಿದೆ ಎಂದರ್ಥ. ಮೀಟರ್ ಅಳೆಯುವುದು ಕೇಬಲ್ಲಿನ ಒಳಗೆ ಮುಂದೆ ಹೋಗುವ ಮತ್ತು ಹಿಂದೆ ಬರುವ ಅಲೆಗಳನ್ನು ಮಾತ್ರ. ಮುಂದೆ ಹೋದ ಶಕ್ತಿ ಆ ತುದಿಯಲ್ಲಿ ಶಾಖವಾಯಿತೋ, ಅದರಲ್ಲಿ ಒಂದು ಪಾಲು ವಿಕಿರಣವಾಗಿ ಹೊರಟಿತೋ ಎಂಬುದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಚೆನ್ನಾಗಿ ಹೊಂದಿಸಿದ ಆಂಟೆನಾ ಕೂಡ ಇದೇ 1.1 ತೋರಿಸುತ್ತದೆ. 100 ವ್ಯಾಟ್‌ಗಳಲ್ಲಿ 40 ಮಿಲಿವ್ಯಾಟ್ ಸೋರಿಹೋದರೆ ಅದು ಶೇ. 0.04 ಮಾತ್ರ, ಯಾವ ಸ್ಟೇಷನ್ ಮೀಟರಿನ ಮುಳ್ಳೂ ಅಷ್ಟಕ್ಕೆ ಕದಲುವುದಿಲ್ಲ. ಆದರೆ 40 ಮಿಲಿವ್ಯಾಟ್ ರೇಡಿಯೋ ಸಂಪರ್ಕದ ಲೆಕ್ಕದಲ್ಲಿ ಸಣ್ಣ ಸಂಖ್ಯೆಯೇನಲ್ಲ. ಬ್ಯಾಂಡ್ ತೆರೆದಿರುವಾಗ ಅದಕ್ಕಿಂತ ಕಡಿಮೆ ಶಕ್ತಿಯಲ್ಲಿ ಮೋರ್ಸ್ ಸಂಪರ್ಕ ಮಾಡುವ ಹವ್ಯಾಸಿಗಳಿದ್ದಾರೆ.

ಎಷ್ಟು ಸೋರಿದರೆ ಎಷ್ಟು ಕೇಳಿಸುತ್ತದೆ

ಸಿಗ್ನಲ್ ಕೇಳಿಸಿತು ಎಂದ ಮಾತ್ರಕ್ಕೆ ಲೋಡ್ ಕೆಟ್ಟಿದೆ ಎನ್ನಲಾಗದು. ಎಷ್ಟು ಬಲದಲ್ಲಿ ಕೇಳಿಸುವುದು ನ್ಯಾಯ ಎಂಬ ಅಂದಾಜು ಮೊದಲು ಕೈಯಲ್ಲಿರಬೇಕು. 100 ವ್ಯಾಟ್ ಎಂದರೆ 50 ಡಿಬಿಎಂ, ಅಂದರೆ 1 ಮಿಲಿವ್ಯಾಟಿಗಿಂತ 50 ಡೆಸಿಬೆಲ್ ಮೇಲೆ. ಎಚ್‌ಎಫ್ ಬ್ಯಾಂಡುಗಳಲ್ಲಿ ಎಸ್9 ಎಂದರೆ ರಿಸೀವರಿನ 50 ಓಮ್ ತುದಿಯಲ್ಲಿ 50 ಮೈಕ್ರೋವೋಲ್ಟ್, ಅಂದರೆ ಮೈನಸ್ 73 ಡಿಬಿಎಂ. ಅದರ ಕೆಳಗಿನ ಒಂದೊಂದು ಎಸ್ ಹಂತಕ್ಕೂ 6 ಡೆಸಿಬೆಲ್ ಇಳಿಕೆ. ನಿರ್ಬಂಧವಿಲ್ಲದ ಬಯಲಿನಲ್ಲಿ 21 ಮೆಗಾಹರ್ಟ್ಸ್ ಸಿಗ್ನಲ್ 300 ಮೀಟರ್ ಸಾಗುವಾಗ ಸುಮಾರು 48 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಈಗ ಒಂದು ಒಳ್ಳೆಯ ಲೋಡನ್ನು ಊಹಿಸಿಕೊಳ್ಳೋಣ: ಅದು ಹತ್ತು ಲಕ್ಷದಲ್ಲಿ ಒಂದು ಪಾಲನ್ನು, ಅಂದರೆ 60 ಡೆಸಿಬೆಲ್ ಕೆಳಗಿನ 0.1 ಮಿಲಿವ್ಯಾಟನ್ನು ಮಾತ್ರ ಹೊರಬಿಡುತ್ತದೆ. ಆ ಮೈನಸ್ 10 ಡಿಬಿಎಂನಿಂದ 48 ಕಳೆದರೆ ಮೈನಸ್ 58 ಡಿಬಿಎಂ. ಮೀಟರಿನಲ್ಲಿ ಅದು ಎಸ್9ರ ಮೇಲೆ 15 ಡೆಸಿಬೆಲ್!

ಹತ್ತು ಲಕ್ಷದಲ್ಲೊಂದು ಪಾಲು ಸೋರುವ ಲೋಡನ್ನು ಯಾರೂ ಕೆಟ್ಟದ್ದೆನ್ನಲಾರರು, ಆದರೂ ಪಕ್ಕದ ರಿಸೀವರಿನಲ್ಲಿ ಅದು ಗಟ್ಟಿಯಾಗಿಯೇ ಕೇಳುತ್ತದೆ. ವಾಸ್ತವದಲ್ಲಿ ಗೋಡೆಗಳು, ನೆಲ, ಆಂಟೆನಾಗಳ ದಿಕ್ಕು ಇವೆಲ್ಲ ಇನ್ನಷ್ಟನ್ನು ತಿನ್ನುತ್ತವೆ ಎಂಬುದು ನಿಜ. ನಮ್ಮ ಪ್ರಕರಣದಲ್ಲಿ ದಾಖಲಾದದ್ದು ಎಸ್9ರ ಮೇಲೆ 30, ಅಂದರೆ ಮೈನಸ್ 43 ಡಿಬಿಎಂ. ಬಯಲಿನ ನಷ್ಟವನ್ನಷ್ಟೇ ಹಿಡಿದರೂ ಹೊರಟದ್ದು ಕನಿಷ್ಠ 3 ಮಿಲಿವ್ಯಾಟ್. ಕಟ್ಟಡದ ನಷ್ಟವನ್ನೂ ಸೇರಿಸಿದರೆ ಹತ್ತಾರು ಮಿಲಿವ್ಯಾಟ್. ಇಷ್ಟು ಲೆಕ್ಕದಿಂದ, ಇದು ಎಲ್ಲ ನಿಲಯಗಳಲ್ಲೂ ಇರುವ ಸಣ್ಣ ಸೋರಿಕೆಯಲ್ಲ, ಎಲ್ಲೋ ಒಂದು ದೊಡ್ಡ ಬಾಗಿಲೇ ತೆರೆದಿದೆ ಎಂಬುದು ಖಚಿತವಾಯಿತು.

ನಿಲಯದ ಜೋಡಣೆ

ಟ್ರಾನ್ಸೀವರಿನಿಂದ ಚಿಕ್ಕ ಪ್ಯಾಚ್ ಕೇಬಲ್ ಎಸ್‌ಡಬ್ಲ್ಯುಆರ್ ಮೀಟರಿಗೆ, ಅಲ್ಲಿಂದ ಎರಡು ದಾರಿಯ ಆಂಟೆನಾ ಸ್ವಿಚ್ಚಿಗೆ ಹೋಗುತ್ತಿತ್ತು. ಸ್ವಿಚ್ಚಿನ ಒಂದು ಪೋರ್ಟಿಗೆ ಹೊರಗಿನ ಆಂಟೆನಾ, ಇನ್ನೊಂದಕ್ಕೆ ಸುಮಾರು ಎರಡೂವರೆ ಮೀಟರ್ ಉದ್ದದ ಆರ್‌ಜಿ-58 ಕೇಬಲ್ ಮತ್ತು ಅದರ ತುದಿಯಲ್ಲಿ ಡಮ್ಮಿ ಲೋಡ್. ಲೋಡ್ ಕೈಯಲ್ಲೇ ಕಟ್ಟಿದ್ದು. ಚಪ್ಪಟೆ ಬೆನ್ನಿನ, ತಲಾ 100 ಓಮ್‌ನ ಎರಡು ಇಂಡಕ್ಟೆನ್ಸ್‌ರಹಿತ ಥಿಕ್ ಫಿಲ್ಮ್ ರೆಸಿಸ್ಟರುಗಳನ್ನು ಸಮಾನಾಂತರವಾಗಿ ಜೋಡಿಸಿ, ಕಪ್ಪು ಬಣ್ಣದ ದೊಡ್ಡ ಅಲ್ಯೂಮಿನಿಯಂ ಹೀಟ್ ಸಿಂಕ್ ಮೇಲೆ ಥರ್ಮಲ್ ಪೇಸ್ಟ್ ಹಚ್ಚಿ ಸ್ಕ್ರೂ ಹಾಕಲಾಗಿತ್ತು. ಮೇಲೆ ಮುಚ್ಚಳದಂತೆ ಪ್ಲಾಸ್ಟಿಕ್ ಪೆಟ್ಟಿಗೆ. ಅದರ ಗೋಡೆಗೆ ಎಸ್‌ಒ-239 ಸಾಕೆಟ್, ಸಾಕೆಟ್ಟಿನಿಂದ ರೆಸಿಸ್ಟರುಗಳಿಗೆ ಐದೈದು ಸೆಂಟಿಮೀಟರಿನ ಎರಡು ತಂತಿಗಳು.

ಕಟ್ಟುವಿಕೆಯಲ್ಲಿ ಅಚ್ಚುಕಟ್ಟುತನವಿತ್ತು, ಶಾಖದ ದೃಷ್ಟಿಯಿಂದಂತೂ ಯಾವ ಕೊರತೆಯೂ ಇರಲಿಲ್ಲ. ಡಿಸಿ ಪ್ರತಿರೋಧ ಸರಿಯಾಗಿ 50 ಓಮ್. ಇಂಥ ಲೋಡನ್ನು ನೋಡಿದವರ ಅನುಮಾನ ಅದರ ಮೇಲೆ ಹೋಗುವುದಿಲ್ಲ, ಅಗ್ಗದ ಕೇಬಲ್ಲಿನ ಮೇಲೆ ಹೋಗುತ್ತದೆ. ಇಲ್ಲಿಯೂ ಹಾಗೆಯೇ ಆಗಿತ್ತು. ಆರ್‌ಜಿ-58ರ ಹೆಣೆದ ಶೀಲ್ಡಿನ (ನಡುತಂತಿಯನ್ನು ಸುತ್ತುವರಿದ ಲೋಹದ ಹೊದಿಕೆಯ) ಸಂದುಗಳಿಂದಲೇ ಸಿಗ್ನಲ್ ಹೊರಬರುತ್ತಿದೆ ಎಂದು ತೀರ್ಮಾನಿಸಿ, ಅಷ್ಟೇ ಉದ್ದದ ಎರಡು ಪದರ ಶೀಲ್ಡಿನ ಕೇಬಲ್ ತರಿಸಿ ಹಾಕಿದ್ದೂ ಆಗಿತ್ತು. ದೂರದ ರಿಸೀವರಿನಲ್ಲಿ ಎಳ್ಳಷ್ಟೂ ಬದಲಾವಣೆ ಕಾಣಲಿಲ್ಲ.

ಆಂಟೆನಾ ಸ್ವಿಚ್ಚನ್ನೂ ಪರಿಶೀಲಿಸಲಾಗಿತ್ತು. 21 ಮೆಗಾಹರ್ಟ್ಸಿನಲ್ಲಿ ಕ್ಯಾರಿಯರ್ ಹಾಕಿ, ಆಂಟೆನಾ ಕೇಬಲ್ಲನ್ನು ಸ್ವಿಚ್ಚಿನಿಂದ ಬಿಚ್ಚಿ ನೋಡಿದಾಗಲೂ ದೂರದ ರಿಸೀವರಿನ ಮುಳ್ಳು ಅಲ್ಲೇ ನಿಂತಿತ್ತು. ಹೀಗಾಗಿ ಕೇಬಲ್ ನಿರ್ದೋಷಿ, ಸ್ವಿಚ್ ನಿರ್ದೋಷಿ, ಎಸ್‌ಡಬ್ಲ್ಯುಆರ್ ಚೆನ್ನಾಗಿರುವುದರಿಂದ ಲೋಡೂ ನಿರ್ದೋಷಿ ಎಂದು ಲೆಕ್ಕ ಹಾಕಿ, ಕೊನೆಗೆ ಟ್ರಾನ್ಸೀವರಿನ ಲೋಹದ ಪೆಟ್ಟಿಗೆಯಿಂದಲೇ ಸೋರುತ್ತಿದೆ ಎಂಬ ಮಾತಿಗೆ ಬರಲಾಗಿತ್ತು. ಈ ಮೂರು ತೀರ್ಪುಗಳಲ್ಲಿ ಮೊದಲ ಎರಡು ಅಪೂರ್ಣ, ಮೂರನೆಯದು ತಪ್ಪು. ಅದು ಹೇಗೆಂಬುದನ್ನು ಮುಂದೆ ನೋಡಬಹುದು.

ಕೇಬಲ್ಲಿನ ಹೊರಮೈ

ಕೋಆಕ್ಸಿಯಲ್ ಕೇಬಲ್ ನೋಡುವುದಕ್ಕೆ ಎರಡು ವಾಹಕಗಳದ್ದಾದರೂ ರೇಡಿಯೋ ಆವರ್ತನಗಳಲ್ಲಿ ಅದು ಮೂರು ವಾಹಕಗಳಂತೆ ನಡೆದುಕೊಳ್ಳುತ್ತದೆ. ಸ್ಕಿನ್ ಎಫೆಕ್ಟಿನಿಂದಾಗಿ ಪ್ರವಾಹವು ಲೋಹದ ಮೇಲ್ಮೈಯ ತೆಳು ಪದರದಲ್ಲಷ್ಟೇ ಹರಿಯುತ್ತದೆ. ತಾಮ್ರದಲ್ಲಿ ಈ ಪದರದ ಆಳ 1 ಮೆಗಾಹರ್ಟ್ಸಿನಲ್ಲಿ ಸುಮಾರು 66 ಮೈಕ್ರೋಮೀಟರ್, 21 ಮೆಗಾಹರ್ಟ್ಸಿನಲ್ಲಿ 14ರಷ್ಟು. ಹೀಗಾಗಿ ನಡುತಂತಿಯ ಪ್ರವಾಹಕ್ಕೆ ಜೋಡಿಯಾದ ಮರುಪ್ರವಾಹವು ಶೀಲ್ಡಿನ ಒಳಮೈಯಲ್ಲಿ ಹರಿಯುತ್ತದೆ. ಶೀಲ್ಡಿನ ಹೊರಮೈ ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ತಂತಿಯಂತೆ ಉಳಿಯುತ್ತದೆ. ಒಳಗಿನ ಎರಡು ಪ್ರವಾಹಗಳು ಸಮ ಮತ್ತು ವಿರುದ್ಧವಾಗಿರುವುದರಿಂದ ಹೊರಗೆ ಅವುಗಳ ಪರಿಣಾಮ ಕಾಣುವುದಿಲ್ಲ. ಹೊರಮೈಯಲ್ಲಿ ಹರಿಯುವ ಕಾಮನ್ ಮೋಡ್ ಪ್ರವಾಹವಾದರೋ ಬಯಲಲ್ಲಿ ನಿಂತ ತಂತಿಯ ಪ್ರವಾಹದಂತೆ ಯಾವ ಅಡ್ಡಿಯೂ ಇಲ್ಲದೆ ವಿಕಿರಣ ಮಾಡುತ್ತದೆ.

ಹೊರಮೈಗೆ ಪ್ರವಾಹ ದಾಟಲು ಎರಡು ದಾರಿಗಳಿವೆ. ಒಂದು, ಶೀಲ್ಡಿನ ಮೂಲಕವೇ ನುಸುಳುವುದು. ಇನ್ನೊಂದು, ಶೀಲ್ಡ್ ಮುಗಿಯುವ ತುದಿಯಲ್ಲಿ ಸುತ್ತಿಕೊಂಡು ಹೊರಬರುವುದು.

ಮೊದಲನೆಯದನ್ನು ಅಳೆಯುವ ಮಾನವೇ ಟ್ರಾನ್ಸ್‌ಫರ್ ಇಂಪೀಡೆನ್ಸ್. ಬೆಲ್ ಪ್ರಯೋಗಾಲಯದ ಸೆರ್ಗೈ ಶೆಲ್ಕುನಾಫ್ 1934ರಲ್ಲಿ ಕೋಆಕ್ಸಿಯಲ್ ಕೇಬಲ್ಲುಗಳ ಸಿದ್ಧಾಂತವನ್ನು ಮಂಡಿಸುವಾಗ ಈ ಪರಿಕಲ್ಪನೆಗೆ ಗಣಿತದ ರೂಪ ಕೊಟ್ಟರು. ಒಂದು ಮೈಯಲ್ಲಿ ಇಷ್ಟು ಪ್ರವಾಹ ಹರಿದರೆ ಇನ್ನೊಂದು ಮೈಯಲ್ಲಿ ಮೀಟರಿಗೆ ಎಷ್ಟು ವೋಲ್ಟೇಜ್ ಹುಟ್ಟುತ್ತದೆ ಎಂಬುದನ್ನು ಅದು ಹೇಳುತ್ತದೆ. ಗಟ್ಟಿ ಕೊಳವೆಯಂಥ ಶೀಲ್ಡಿನಲ್ಲಿ ಆವರ್ತನ ಏರಿದಂತೆ ಇದು ಇಳಿಯುತ್ತಾ ಹೋಗುತ್ತದೆ. ಹೆಣೆದ ಶೀಲ್ಡಿನಲ್ಲಿ ಸಂದುಗಳಿರುವುದರಿಂದ ಕೆಲವು ಮೆಗಾಹರ್ಟ್ಸ್‌ಗಳ ನಂತರ ಏರತೊಡಗುತ್ತದೆ. ಒಂದೇ ಪದರದ ಹೆಣಿಗೆಯುಳ್ಳ ಸಾಧಾರಣ ಕೇಬಲ್ಲಿಗೆ ಎಚ್‌ಎಫ್‌ನಲ್ಲಿ ಮೀಟರಿಗೆ ಹತ್ತಾರು ಮಿಲಿಓಮ್ ಎಂದು ಹಿಡಿಯಬಹುದು. 50 ಓಮ್ ಲೋಡಿಗೆ 100 ವ್ಯಾಟ್ ಹೋಗುವಾಗ ಪ್ರವಾಹ 1.41 ಆಂಪಿಯರ್. ಮೀಟರಿಗೆ 30 ಮಿಲಿಓಮ್ ಎಂದುಕೊಂಡರೆ ಎರಡೂವರೆ ಮೀಟರ್ ಉದ್ದಕ್ಕೂ ಸೇರಿ ಹೊರಮೈಯಲ್ಲಿ ಹುಟ್ಟುವುದು 0.1 ವೋಲ್ಟ್‌ನಷ್ಟು.

ಇದರ ಪಕ್ಕದಲ್ಲಿ ಲೋಡಿನ ತುದಿಯ ಲೆಕ್ಕವನ್ನಿಟ್ಟು ನೋಡಬೇಕು. ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಶೀಲ್ಡ್ ಸಾಕೆಟ್ಟಿಗೇ ಮುಗಿದು, ಮುಂದಿನ ಐದು ಸೆಂಟಿಮೀಟರನ್ನು ಒಂದು ತಂತಿ ಕ್ರಮಿಸುತ್ತಿತ್ತು. ಮಿಲಿಮೀಟರಿಗೆ 1 ನ್ಯಾನೋಹೆನ್ರಿಯಂತೆ ಆ ತಂತಿಗೆ ಸುಮಾರು 50 ನ್ಯಾನೋಹೆನ್ರಿ ಇಂಡಕ್ಟೆನ್ಸ್, 21 ಮೆಗಾಹರ್ಟ್ಸಿನಲ್ಲಿ ಅದು 6.6 ಓಮ್. ಅದರ ಮೇಲೆ 1.41 ಆಂಪಿಯರ್ ಹರಿದಾಗ ಬೀಳುವ ವೋಲ್ಟೇಜ್ 9ಕ್ಕೂ ಹೆಚ್ಚು. ಎರಡೂವರೆ ಮೀಟರ್ ಕೇಬಲ್ಲಿನ ಇಡೀ ಹೆಣಿಗೆ ಹುಟ್ಟಿಸುವ ವೋಲ್ಟೇಜಿಗಿಂತ ಒಂದು ಗೇಣೂ ಇಲ್ಲದ ತಂತಿಯದು ತೊಂಬತ್ತು ಪಟ್ಟು ಹೆಚ್ಚು!

ಅಷ್ಟಾದರೂ ಇಲ್ಲಿ ದೊಡ್ಡ ಅಪರಾಧಿ ಆ ತಂತಿಯಲ್ಲ, ಹೀಟ್ ಸಿಂಕ್.

ಹೀಟ್ ಸಿಂಕ್ ಆಂಟೆನಾ ಆದದ್ದು

100 ವ್ಯಾಟ್‌ನಲ್ಲಿ ಲೋಡಿನ ಎರಡು ತುದಿಗಳ ನಡುವೆ 70.7 ವೋಲ್ಟ್ ಆರ್‌ಎಂಎಸ್ ಇರುತ್ತದೆ. ರೆಸಿಸ್ಟರಿನ ಒಂದು ತುದಿ ಶೀಲ್ಡಿನ ಮಟ್ಟದಲ್ಲಿ, ಇನ್ನೊಂದು ತುದಿ ಪೂರ್ಣ ವೋಲ್ಟೇಜಿನಲ್ಲಿ. ಈ ಬಗೆಯ ರೆಸಿಸ್ಟರಿನ ಪ್ರತಿರೋಧದ ಪದರಕ್ಕೂ ಅದರ ಬೆನ್ನಿನ ಲೋಹಕ್ಕೂ ನಡುವೆ ತೆಳುವಾದ ಸೆರಾಮಿಕ್ ಹಾಳೆ ಮಾತ್ರ ಇರುತ್ತದೆ. ಶಾಖ ಬೇಗ ದಾಟಲಿ ಎಂದೇ ಅದನ್ನು ತೆಳುವಾಗಿ ಮಾಡಿರುವುದು, ಅದೇ ಕಾರಣಕ್ಕೆ ಅಲ್ಲಿ ಕೆಪಾಸಿಟೆನ್ಸೂ ಹೆಚ್ಚು. ಎರಡು ರೆಸಿಸ್ಟರುಗಳೂ ಸೇರಿ ಕೆಲವು ಹತ್ತು ಪಿಕೋಫ್ಯಾರಡ್. ಯಾವುದಕ್ಕೂ ಜೋಡಿಸದೆ ಬಿಟ್ಟ ಹೀಟ್ ಸಿಂಕ್ ಈ ಕೆಪಾಸಿಟೆನ್ಸಿನ ಮೂಲಕ ರೆಸಿಸ್ಟರಿನ ಸರಾಸರಿ ವೋಲ್ಟೇಜಿಗೆ, ಅಂದರೆ ಸುಮಾರು 35 ವೋಲ್ಟಿಗೆ ಏರಿ ಕುಳಿತಿತ್ತು. ಅಂಗೈಗಿಂತ ದೊಡ್ಡ ಲೋಹದ ತುಂಡೊಂದು 35 ವೋಲ್ಟ್ ರೇಡಿಯೋ ಆವರ್ತನದಲ್ಲಿ ತೇಲುತ್ತಿದೆ, ಅದರ ಎದುರು ಜೋಡಿಯಾಗಿ ಕೇಬಲ್ಲಿನ ಹೊರಮೈ ಚಾಚಿಕೊಂಡಿದೆ ಎಂದರೆ, ಅದಕ್ಕೆ ಪೂರಾ ಆಂಟೆನಾ ಎಂದೇ ಹೆಸರು.

ಇದನ್ನು ಊಹೆಯಾಗಿ ಬಿಡದೆ ಪರೀಕ್ಷಿಸುವುದಕ್ಕೆ ಬೇಕಾದ ಉಪಕರಣ ತೀರಾ ಸರಳ. ಇಬ್ಭಾಗವಾಗಿ ತೆರೆದುಕೊಳ್ಳುವ ಕ್ಲಿಪ್ ಫೆರೈಟಿನ (ಕೇಬಲ್ಲಿನ ಸುತ್ತ ಕೂರುವ ಕಾಂತೀಯ ಉಂಗುರದ) ಒಂದು ಭಾಗಕ್ಕೆ ಎನಾಮಲ್ ತಂತಿಯನ್ನು ಕೆಲವು ಸುತ್ತು ಸುತ್ತಿ, ಆ ಸುತ್ತಿಗೆ ಒಂದು ಡಯೋಡ್, ಒಂದು ಕೆಪಾಸಿಟರ್ ಮತ್ತು ಮೈಕ್ರೋಅಮ್ಮೀಟರ್ ಸೇರಿಸಿದರೆ ಆಯಿತು. ಕೇಬಲ್ಲಿನ ಮೇಲೆ ಅದನ್ನು ಮುಚ್ಚಿದಾಗ ಒಳಗಿನ ಎರಡು ಪ್ರವಾಹಗಳು ಒಂದನ್ನೊಂದು ಹೊಡೆದುಹಾಕುವುದರಿಂದ ಮುಳ್ಳು ತೋರಿಸುವುದು ಹೊರಮೈ ಪ್ರವಾಹವನ್ನು ಮಾತ್ರ. ಸುಟ್ಟುಕೊಳ್ಳುವ ಅಪಾಯ ತಪ್ಪಿಸಲು ಪವರನ್ನು 5 ವ್ಯಾಟಿಗೆ ಇಳಿಸಿ ಈ ಕೆಲಸ ಮಾಡಲಾಯಿತು. 100ರಿಂದ 5ಕ್ಕೆ ಇಳಿದರೆ ವ್ಯತ್ಯಾಸ 13 ಡೆಸಿಬೆಲ್ ಮಾತ್ರ, ಮುಳ್ಳಿಗೆ ಅಷ್ಟು ಸಾಕು.

ಮುಳ್ಳು ಎದ್ದಿತು. ಆದರೆ ಲೋಡಿನ ಬಳಿ ಕಡಿಮೆ, ಟ್ರಾನ್ಸೀವರಿನ ಕಡೆಗೆ ಸರಿಸಿದಂತೆ ಹೆಚ್ಚು. ಸೋರಿಕೆ ಟ್ರಾನ್ಸೀವರಿನಿಂದಲೇ ಎಂಬ ಹಳೆಯ ಅನುಮಾನಕ್ಕೆ ಇದು ಪುಷ್ಟಿ ಕೊಡುವಂತೆ ಕಂಡಿತು. ಈ ಹಂತದಲ್ಲಿ ಅವಸರದ ತೀರ್ಮಾನ ಮಾಡುವವರೇ ಹೆಚ್ಚು. ಟ್ರಾನ್ಸೀವರಿನ ಕಡೆಯ ತುದಿ ಅರ್ಥಿಂಗಿಗೆ ಸೇರಿರುವುದರಿಂದ ಅಲ್ಲಿ ವೋಲ್ಟೇಜ್ ಕಡಿಮೆ, ಪ್ರವಾಹ ಗರಿಷ್ಠ. ಲೋಡಿನ ತುದಿ ತೆರೆದ ತುದಿಯಂತಿರುವುದರಿಂದ ಅಲ್ಲಿ ವೋಲ್ಟೇಜ್ ಹೆಚ್ಚು, ಪ್ರವಾಹ ಕಡಿಮೆ. ನೆಲಕ್ಕೆ ನೆಟ್ಟ ಗಿಡ್ಡ ವರ್ಟಿಕಲ್ ಆಂಟೆನಾದಲ್ಲಿ ಪ್ರವಾಹ ಹಂಚಿಕೆಯಾಗುವುದೂ ಹೀಗೆಯೇ. ಪ್ರವಾಹ ಎಲ್ಲಿ ಹೆಚ್ಚಿದೆ ಎಂಬುದು ಅದು ಎಲ್ಲಿ ಹುಟ್ಟಿತು ಎಂಬುದನ್ನು ಹೇಳುವುದಿಲ್ಲ.

ಹುಟ್ಟಿದ ಜಾಗವನ್ನು ತೋರಿಸಿಕೊಟ್ಟದ್ದು ಇನ್ನೊಂದು ಪರೀಕ್ಷೆ. ಒಂದೊಂದೇ ಬ್ಯಾಂಡಿನಲ್ಲಿ ಕ್ಯಾರಿಯರ್ ಹಾಕಿ ನೋಡಿದಾಗ 21 ಮೆಗಾಹರ್ಟ್ಸಿನಲ್ಲಿ ಮುಳ್ಳು ಅತಿ ಹೆಚ್ಚು ಏರಿತು, 28ರಲ್ಲಿ ಅದಕ್ಕಿಂತ ಕಡಿಮೆ. ಸೋರಿಕೆ ಬರೀ ಸಂದುಗಳಿಂದ ಆಗುತ್ತಿದ್ದರೆ ಆವರ್ತನದ ಜೊತೆ ಏರುತ್ತಲೇ ಹೋಗಬೇಕಿತ್ತು; ನಡುವೆ ಒಂದು ಶಿಖರ ಕಾಣುತ್ತಿದೆ ಎಂದರೆ ಅಲ್ಲಿ ಅನುರಣನವಿದೆ. ಒಂದು ತುದಿ ಅರ್ಥ್ ಆದ, ಕಾಲು ತರಂಗಾಂತರಕ್ಕಿಂತ ಗಿಡ್ಡ ಕೇಬಲ್ಲಿನ ಹೊರಮೈ ಇನ್ನೊಂದು ತುದಿಯಿಂದ ನೋಡಿದರೆ ಇಂಡಕ್ಟರಿನಂತೆ ಕಾಣುತ್ತದೆ. ಅದರ ಸರಣಿಯಲ್ಲಿ ಹೀಟ್ ಸಿಂಕಿನ ಕೆಪಾಸಿಟೆನ್ಸುಗಳು. ರೆಸಿಸ್ಟರುಗಳ ಬೆನ್ನಿಗೆ 40, ಹೀಟ್ ಸಿಂಕಿನಿಂದ ಸುತ್ತಲಿನ ವಸ್ತುಗಳಿಗೆ 20 ಪಿಕೋಫ್ಯಾರಡ್ ಎಂದಿಟ್ಟುಕೊಂಡು, ಹೊರಮೈಯ ಗುಣಲಕ್ಷಣ ಇಂಪೀಡೆನ್ಸನ್ನು 300 ಓಮ್ ಎಂದು ಹಿಡಿದರೆ, ಎರಡೂವರೆ ಮೀಟರ್ ಕೇಬಲ್ಲಿಗೆ ಅನುರಣನ ಬೀಳುವುದು 21 ಮೆಗಾಹರ್ಟ್ಸಿನ ಆಸುಪಾಸಿನಲ್ಲೇ. ಅಂದಾಜಿನ ಸಂಖ್ಯೆಗಳಿಂದ ಇಷ್ಟು ಹತ್ತಿರದ ಉತ್ತರ ಸಿಕ್ಕಿದ್ದರಲ್ಲಿ ಅದೃಷ್ಟದ ಪಾಲೂ ಇದೆ. ಆದರೆ ಲೆಕ್ಕ ಸರಿಯೆಂದಾದರೆ ಕೇಬಲ್ ಉದ್ದವಾದಂತೆ ಶಿಖರ ಕೆಳಗಿನ ಬ್ಯಾಂಡಿಗೆ ಸರಿಯಲೇಬೇಕು. ಒಂದು ಮೀಟರಿನ ತುಂಡನ್ನು ಕೂಡಿಸಿದಾಗ 21ರಲ್ಲಿ ಮುಳ್ಳು ಇಳಿದು, 18 ಮತ್ತು 14 ಮೆಗಾಹರ್ಟ್ಸಿನಲ್ಲಿ ಏರಿತು. ಎಸ್‌ಡಬ್ಲ್ಯುಆರ್ ಮೀಟರ್ ಮಾತ್ರ ಈ ಯಾವ ಬದಲಾವಣೆಗೂ ಸ್ಪಂದಿಸದೆ 1.1ರಲ್ಲೇ ಉಳಿದಿತ್ತು.

ಕೇಬಲ್ ಬದಲಿಸಿದರೂ ದೂರದ ಓದು ಏಕೆ ಬದಲಾಗಲಿಲ್ಲ ಎಂಬುದು ಈಗ ಸ್ಪಷ್ಟ. 35 ವೋಲ್ಟಿನ ಮುಂದೆ 0.1 ವೋಲ್ಟ್ ಎಂದರೆ 50 ಡೆಸಿಬೆಲ್ ಕೆಳಗೆ. ಎರಡು ಪದರದ ಶೀಲ್ಡ್ ಆ 0.1 ವೋಲ್ಟನ್ನು ಸೊನ್ನೆಗೇ ಇಳಿಸಿದರೂ ಕೇಳುವವರಿಗೆ ವ್ಯತ್ಯಾಸ ತಿಳಿಯದು. ಹೊಸ ಕೇಬಲ್ಲಿನ ಹೊರಮೈ ಕೂಡ ಹೀಟ್ ಸಿಂಕಿಗೆ ಅಷ್ಟೇ ಒಳ್ಳೆಯ ಜೊತೆಗಾರ.

ಫೆರೈಟ್ ಹಾಕಿದರೆ ಸಾಲದೇ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. 31 ಸಂಖ್ಯೆಯ ಮಿಶ್ರಣದ ದೊಡ್ಡ ಉಂಗುರಕ್ಕೆ ಕೇಬಲ್ಲನ್ನು ಹಲವು ಸುತ್ತು ಸುತ್ತಿ ಲೋಡಿನ ಬಳಿ ಇಟ್ಟಾಗ ಪ್ರವಾಹ ಗಣನೀಯವಾಗಿ ಇಳಿಯಿತು, ಸಂದೇಹವಿಲ್ಲ. ಆದರೆ ಹೀಟ್ ಸಿಂಕ್ 35 ವೋಲ್ಟಿನಲ್ಲಿ ತೇಲುವುದು ನಿಲ್ಲಲಿಲ್ಲ. ಅದರ ಹತ್ತಿರ ಬೇರೆ ಯಾವುದಾದರೂ ತಂತಿ ಹಾದುಹೋದರೆ ಅದಕ್ಕೆ ಹಾರಿಕೊಳ್ಳುವ ಸಾಧ್ಯತೆಯೂ ತಪ್ಪಲಿಲ್ಲ. ಇಂಥ ಫೆರೈಟ್ ಸುತ್ತು, ಅಂದರೆ ಚೋಕ್, ಆಂಟೆನಾಕ್ಕೆ ಹೋಗುವ ಕೇಬಲ್ಲಿನಲ್ಲಿ ಅನಿವಾರ್ಯ, ಏಕೆಂದರೆ ಅಲ್ಲಿ ವಿಕಿರಣ ಮಾಡುವ ವಸ್ತುವನ್ನು ಮುಚ್ಚಿಡಲಾಗದು. ಡಮ್ಮಿ ಲೋಡನ್ನು ಮುಚ್ಚಿಡಬಹುದು. ಮುಚ್ಚಿಡುವುದೇ ಸರಿಯಾದ ಮದ್ದು ಎಂಬುದು ನನ್ನ ಅಭಿಪ್ರಾಯ.

ದುರಸ್ತಿ

ಪ್ಲಾಸ್ಟಿಕ್ ಪೆಟ್ಟಿಗೆಯ ಜಾಗಕ್ಕೆ ಒಂದೂವರೆ ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಪೆಟ್ಟಿಗೆ ಬಂತು. ತೆರೆದ ಬಾಯಿಯ ಸುತ್ತ ಅಂಚು ಮಡಿಸಿ ಅದನ್ನು ನೇರವಾಗಿ ಹೀಟ್ ಸಿಂಕಿಗೆ ಸ್ಕ್ರೂ ಮಾಡಲಾಯಿತು, ಹೀಗೆ ಹೀಟ್ ಸಿಂಕೇ ಪೆಟ್ಟಿಗೆಯ ಆರನೆಯ ಗೋಡೆಯಾಯಿತು. ಸಾಕೆಟ್ಟನ್ನು ರೆಸಿಸ್ಟರುಗಳ ಪಕ್ಕಕ್ಕೇ ತಂದು, ಅದರ ನಾಲ್ಕು ಮೂಲೆಗಳೂ ಲೋಹಕ್ಕೆ ಒತ್ತಿ ಕೂರುವಂತೆ ಬಿಗಿಯಲಾಯಿತು. ರೆಸಿಸ್ಟರುಗಳ ಅರ್ಥ್ ತುದಿಗಳು ಅಗಲವಾದ ತಾಮ್ರದ ಪಟ್ಟಿಯ ಮೂಲಕ ಸಾಕೆಟ್ಟಿನ ಬುಡಕ್ಕೇ ಸೇರಿದವು.

ಇಷ್ಟೆಲ್ಲ ಮಾಡಿ ಹಚ್ಚಿ ನೋಡಿದರೆ ಮುಳ್ಳು ಇಳಿದದ್ದು ಸ್ವಲ್ಪ ಮಾತ್ರ. ಮಲ್ಟಿಮೀಟರಿನ ಒಂದು ಮೊನೆಯನ್ನು ಪೆಟ್ಟಿಗೆಗೂ ಇನ್ನೊಂದನ್ನು ಹೀಟ್ ಸಿಂಕಿನ ಕಪ್ಪು ಮೈಗೂ ಹಚ್ಚಿದಾಗ ಕಾರಣ ಗೊತ್ತಾಯಿತು: ಸಂಪರ್ಕವೇ ಇಲ್ಲ. ಆ ಕಪ್ಪು ಬಣ್ಣ ಪೇಂಟಲ್ಲ, ಆನೊಡೈಸ್ ಮಾಡಿದ ಪದರ. ಅಲ್ಯೂಮಿನಿಯಂ ಆಕ್ಸೈಡ್ ಉತ್ತಮ ಅವಾಹಕ. ಹಾಗಾಗಿ ಸ್ಕ್ರೂಗಳ ಎಳೆಗಳು ಕಚ್ಚಿದ ಅಲ್ಪಸ್ವಲ್ಪ ಕಡೆಗಳನ್ನು ಬಿಟ್ಟರೆ ಪೆಟ್ಟಿಗೆ ಮತ್ತು ಹೀಟ್ ಸಿಂಕ್ ಒಂದರ ಮೇಲೊಂದು ಕುಳಿತ ಎರಡು ಪ್ರತ್ಯೇಕ ಲೋಹದ ತುಂಡುಗಳಾಗಿದ್ದವು. ಪೆಟ್ಟಿಗೆಯ ಅಂಚು ಕೂರುವ ಜಾಗದಲ್ಲಿ ಸುತ್ತಲೂ ಉಪ್ಪುಕಾಗದದಿಂದ ಉಜ್ಜಿ, ಬೆಳ್ಳಗೆ ಹೊಳೆಯುವ ಲೋಹ ಕಾಣಿಸಿದ ಮೇಲೆ, ಹಲ್ಲುಗಳುಳ್ಳ ಸ್ಟಾರ್ ವಾಷರ್ ಹಾಕಿ ಸ್ಕ್ರೂಗಳನ್ನು ಬಿಗಿಯಲಾಯಿತು. ಕೇಬಲ್ ತುದಿಯ ಪಿಎಲ್-259 ಪ್ಲಗ್ಗಿನ ಉಂಗುರವೂ ಪೂರ್ತಿ ಬಿಗಿಯಾಗಿರಲಿಲ್ಲ. ಅದನ್ನು ಅಲ್ಲಾಡಿಸಿದಾಗ ಮುಳ್ಳು ನೆಗೆಯುತ್ತಿದ್ದುದರಿಂದ ಅದನ್ನೂ ಬಿಚ್ಚಿ ಒರೆಸಿ ತಿರುಗಿಸಲಾಯಿತು. ಆಗ ಕ್ಲಿಪ್ ಫೆರೈಟಿನ ಮುಳ್ಳು ಸೊನ್ನೆಯಿಂದ ಏಳಲಿಲ್ಲ.

ಪೆಟ್ಟಿಗೆಯ ಗಾಳಿಕಿಂಡಿಗಳ ಬಗ್ಗೆ ಹಲವರಿಗೆ ಆತಂಕವಿರುತ್ತದೆ. 28 ಮೆಗಾಹರ್ಟ್ಸಿನಲ್ಲೂ ತರಂಗಾಂತರ 10 ಮೀಟರಿಗಿಂತ ಹೆಚ್ಚಿರುವಾಗ ಕೆಲವು ಮಿಲಿಮೀಟರಿನ ತೂತುಗಳು ಲೆಕ್ಕಕ್ಕೇ ಬರುವುದಿಲ್ಲ. ಗೋಡೆಯ ದಪ್ಪವೂ ಅಷ್ಟೆ: ಅಲ್ಯೂಮಿನಿಯಂನಲ್ಲಿ 21 ಮೆಗಾಹರ್ಟ್ಸಿನ ಪ್ರವಾಹ ಇಳಿಯುವುದು 18 ಮೈಕ್ರೋಮೀಟರಿನಷ್ಟು ಆಳಕ್ಕೆ, ಗೋಡೆ ಅದರ ಎಂಬತ್ತು ಪಟ್ಟು ದಪ್ಪ. ತೊಂದರೆ ಬರುವುದು ಒಂದು ಲೋಹ ಇನ್ನೊಂದಕ್ಕೆ ಸೇರುವ ಕೀಲುಗಳಲ್ಲಿ, ಅಲ್ಲಿನ ಪೇಂಟು, ಆಕ್ಸೈಡು, ಸಡಿಲ ಸ್ಕ್ರೂಗಳಲ್ಲಿ. ಹಳೆಯ ಮಾದರಿಯ, ಎಣ್ಣೆ ತುಂಬಿದ ಡಬ್ಬಿಯ ಡಮ್ಮಿ ಲೋಡುಗಳು ಈ ವಿಷಯದಲ್ಲಿ ಇಂದಿಗೂ ಒಳ್ಳೆಯವೇ, ಡಬ್ಬಿಯೇ ಶೀಲ್ಡ್ ಆಗಿರುತ್ತದೆ. ಆದರೆ ಬಹಳ ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಗಳಲ್ಲಿ ಪಿಸಿಬಿ ಎಂಬ ವಿಷಕಾರಿ ರಾಸಾಯನಿಕ ಇರುವ ಸಾಧ್ಯತೆ ಇರುವುದರಿಂದ, ಮೂಲ ತಿಳಿಯದ ಎಣ್ಣೆಯ ಲೋಡನ್ನು ಮನೆಗೆ ತಾರದಿರುವುದು ಲೇಸು.

ದೊಡ್ಡದರ ಹಿಂದೆ ಅಡಗಿದ್ದ ಸಣ್ಣವು

ಲೋಡ್ ಸರಿಯಾದ ಮೇಲೆ ಮತ್ತೆ 100 ವ್ಯಾಟ್ ಹಾಕಿ ದೂರದ ಹವ್ಯಾಸಿಯವರನ್ನು ಕೇಳಿದಾಗ 21 ಮೆಗಾಹರ್ಟ್ಸಿನಲ್ಲಿ ಎಸ್9ರ ಮೇಲೆ 15 ಡೆಸಿಬೆಲ್ ಸಿಕ್ಕಿತು. ಅವರು ಎಸ್ ಮೀಟರನ್ನು ನೆಚ್ಚದೆ, ರಿಸೀವರಿನ ಮುಂದೆ ಸಿಗ್ನಲನ್ನು ಗೊತ್ತಾದ ಹಂತಗಳಲ್ಲಿ ತಗ್ಗಿಸುವ ಸ್ಟೆಪ್ ಅಟೆನ್ಯುಯೇಟರ್ ಇಟ್ಟು, ಪ್ರತಿ ಸಲವೂ ಮುಳ್ಳನ್ನು ಅದೇ ಗೆರೆಗೆ ತಂದು ವ್ಯತ್ಯಾಸ ಬರೆದುಕೊಂಡಿದ್ದರು. ಅಗ್ಗದ ಮೀಟರುಗಳಲ್ಲಿ ಒಂದು ಎಸ್ ಹಂತ 6 ಡೆಸಿಬೆಲ್ ಆಗಿರುವುದೇ ಅಪರೂಪ, ಆದ್ದರಿಂದ ಈ ಕ್ರಮ ಇಲ್ಲದಿದ್ದರೆ ಮುಂದಿನ ಹಂತಗಳಿಗೆ ಅರ್ಥವೇ ಇರುತ್ತಿರಲಿಲ್ಲ.

ಹದಿನೈದು ಡೆಸಿಬೆಲ್ ಇಳಿದಿದೆ, ಆದರೆ ಕ್ಲಿಪ್ ಫೆರೈಟಿನ ಪ್ರಕಾರ ಲೋಡಿನ ಕೇಬಲ್ಲಿನಲ್ಲಿ ಪ್ರವಾಹವೇ ಇಲ್ಲ. ಈ ಬಾರಿ ಆಂಟೆನಾ ಕೇಬಲ್ಲನ್ನು ಸ್ವಿಚ್ಚಿನಿಂದ ಬಿಚ್ಚಿದಾಗ ಸಿಗ್ನಲ್ ಒಮ್ಮೆಲೇ ಎಸ್7ಕ್ಕೆ ಬಿತ್ತು. ಮೊದಲು ನಿರ್ದೋಷಿ ಎನಿಸಿಕೊಂಡಿದ್ದ ಸ್ವಿಚ್ ಇದೇ. ಒಂದು ಪೋರ್ಟಿನಿಂದ ಇನ್ನೊಂದಕ್ಕೆ 55 ಡೆಸಿಬೆಲ್ ಪ್ರತ್ಯೇಕತೆ ಇದ್ದರೂ 100 ವ್ಯಾಟಿನಲ್ಲಿ 0.3 ಮಿಲಿವ್ಯಾಟ್ ಹೊರಗಿನ ನಿಜವಾದ ಆಂಟೆನಾಕ್ಕೆ ದಾಟುತ್ತದೆ, ಅದು ಗೋಡೆಗಳ ಅಡ್ಡಿಯಿಲ್ಲದೆ ವಿಕಿರಣವಾಗುತ್ತದೆ. ಹಿಂದಿನ ಪರೀಕ್ಷೆಯಲ್ಲಿ ಇದು ಕಾಣದಿದ್ದುದಕ್ಕೆ ಕಾರಣ ಸ್ಪಷ್ಟ: ಎರಡು ಸಿಗ್ನಲ್‌ಗಳಲ್ಲಿ ಒಂದು ಇನ್ನೊಂದಕ್ಕಿಂತ 16 ಡೆಸಿಬೆಲ್ ದುರ್ಬಲವಾಗಿದ್ದರೆ, ಆ ದುರ್ಬಲವಾದದ್ದನ್ನು ಪೂರ್ತಿ ತೆಗೆದರೂ ಒಟ್ಟು ಓದು ಒಂದೂವರೆ ಡೆಸಿಬೆಲ್‌ಗಿಂತ ಹೆಚ್ಚು ಬದಲಾಗದು. ಮುಳ್ಳು ಅಲುಗಿಲ್ಲ ಎಂಬ ಒಂದೇ ಆಧಾರದ ಮೇಲೆ ಸ್ವಿಚ್ಚನ್ನು ಬಿಟ್ಟುಬಿಡಬಾರದಿತ್ತು. 7 ಮೆಗಾಹರ್ಟ್ಸಿನಲ್ಲಿ ಅದೇ ಪರೀಕ್ಷೆ ನಡೆಸಿದ್ದರೆ ಅಲ್ಲಿ ಹೀಟ್ ಸಿಂಕಿನ ಪಾಲು ಬಹಳ ಕಡಿಮೆಯಿದ್ದುದರಿಂದ ಸ್ವಿಚ್ ಮೊದಲೇ ಸಿಕ್ಕಿಬೀಳುತ್ತಿತ್ತು.

ಉಳಿದ ಎಸ್7ರ ಸರದಿ. ಎರಡು ಪದರ ಶೀಲ್ಡಿನ ಕೇಬಲ್ ಹಿಂದೊಮ್ಮೆ ನಿಷ್ಪ್ರಯೋಜಕ ಎಂದು ಬಿಚ್ಚಿಟ್ಟದ್ದು ಅಲ್ಲೇ ಇತ್ತು. ಅದನ್ನು ಈಗ ಹಾಕಿದಾಗ ಸಿಗ್ನಲ್ ಎರಡು ಎಸ್ ಹಂತಗಳಷ್ಟು ಇಳಿಯಿತು! ಮೇಲೆ ಲೆಕ್ಕ ಹಾಕಿದ 0.1 ವೋಲ್ಟ್ ಹೊರಮೈಯಲ್ಲಿ ಒಂದು ಮಿಲಿಆಂಪಿಯರಿಗೂ ಕಡಿಮೆ ಪ್ರವಾಹ ಹರಿಸಿ ಕೆಲವೇ ಮೈಕ್ರೋವ್ಯಾಟ್ ಹೊರಬಿಡುವಂಥದ್ದು. ಕ್ಲಿಪ್ ಫೆರೈಟಿಗೆ ಅದು ಕಾಣದು, 300 ಮೀಟರ್ ದೂರದ ರಿಸೀವರಿಗೆ ಕಾಣುತ್ತದೆ. ಸಾಮಾನ್ಯ ಪರೀಕ್ಷೆಗಳಿಗೆ ಒಂದು ಪದರದ ಒಳ್ಳೆಯ ಕೇಬಲ್ ಧಾರಾಳವಾಗಿ ಸಾಕು. ನೀರು ಹೋಗಿ ಹಸಿರುಗಟ್ಟಿದ ಶೀಲ್ಡ್, ಅರ್ಧಂಬರ್ಧ ಹೆಣೆದ ಅಗ್ಗದ ಕೇಬಲ್ ಅಥವಾ ಒಂದೇ ಆಂಟೆನಾದಲ್ಲಿ ಏಕಕಾಲಕ್ಕೆ ಕಳಿಸಿ ಕೇಳುವ ರಿಪೀಟರ್ ಇದ್ದಾಗ ಮಾತ್ರ ಕೇಬಲ್ಲಿನ ಪ್ರಶ್ನೆ ಮುಂದಕ್ಕೆ ಬರುತ್ತದೆ.

ಆಂಟೆನಾ ಸ್ವಿಚ್ಚಿಗೆ ಬಂದ ಪರಿಹಾರ ಖರ್ಚಿಲ್ಲದ್ದು. ಪರೀಕ್ಷೆಯ ವೇಳೆ ಆಂಟೆನಾ ಕೇಬಲ್ಲನ್ನು ಬಿಚ್ಚಿಡುವುದು, ಸಾಧ್ಯವಾದಾಗಲೆಲ್ಲ ಸ್ವಿಚ್ಚನ್ನೇ ಬಿಟ್ಟು ಲೋಡನ್ನು ನೇರವಾಗಿ ಟ್ರಾನ್ಸೀವರಿಗೆ ಹಚ್ಚುವುದು. ಬಿಚ್ಚಿಟ್ಟ ತುದಿ ಲೋಡಿನ ಕೇಬಲ್ಲಿನ ಪಕ್ಕದಲ್ಲೇ ಬಿದ್ದಿರಬಾರದು ಎಂಬುದನ್ನೂ ಹೇಳಬೇಕು.

ಪರೀಕ್ಷೆಯ ನಡವಳಿಕೆಯಲ್ಲೂ ಒಂದು ಬದಲಾವಣೆಯಾಯಿತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೋ ನಿಯಮಾವಳಿಯ 15.1ನೇ ನಿಯಮವು ಅನಗತ್ಯ ಪ್ರಸಾರವನ್ನೂ, ಗುರುತು ಹೇಳದ ಸಿಗ್ನಲ್‌ಗಳನ್ನೂ ಎಲ್ಲ ನಿಲಯಗಳಿಗೆ ನಿಷೇಧಿಸುತ್ತದೆ. ಲೋಡಿಗೆ ಹೋಗುವುದು ಪ್ರಸಾರವೇ ಅಲ್ಲ ಎಂಬ ವಾದ ಎಸ್9ರ ಮೇಲೆ 30 ಡೆಸಿಬೆಲ್ ಕೇಳಿಸುವಾಗ ನಿಲ್ಲುವುದಿಲ್ಲ. ಹಾಗಾಗಿ ಲೋಡಿನ ಮೇಲೂ ಮೊದಲು ಕಿವಿಗೊಟ್ಟು ಖಾಲಿ ಆವರ್ತನ ಹುಡುಕುವುದು, ಕ್ಯಾರಿಯರನ್ನು ಸ್ವಲ್ಪ ಹೊತ್ತು ಮಾತ್ರ ಹಾಕುವುದು, ಕರೆ ಸಂಕೇತ ಹೇಳುವುದು ಆ ನಿಲಯದಲ್ಲಿ ರೂಢಿಯಾಯಿತು. ಹೊಂದಾಣಿಕೆಗಳಲ್ಲಿ ಹೆಚ್ಚಿನವು 5 ವ್ಯಾಟಿನಲ್ಲೇ ಆಗುವಂಥವು, 100 ವ್ಯಾಟ್ ಬೇಕಾಗುವುದು ಕೊನೆಯ ಪರಿಶೀಲನೆಗೆ ಮಾತ್ರ.

ಕೊನೆಗೆ ಉಳಿದದ್ದು ಎಸ್5. ಕೇಬಲ್ಲೇ ಇಲ್ಲದೆ, ಎರಡೂ ಕಡೆ ಗಂಡು ಮೊನೆಯ ಅಡಾಪ್ಟರಿನಿಂದ ಲೋಡನ್ನು ಟ್ರಾನ್ಸೀವರಿನ ಬೆನ್ನಿಗೇ ಸಿಕ್ಕಿಸಿದಾಗಲೂ ಅದು ಇಳಿಯಲಿಲ್ಲ. ಅಂದರೆ ಅದು ಲೋಡಿನದೂ ಅಲ್ಲ, ಕೇಬಲ್ಲಿನದೂ ಅಲ್ಲ. ವಿದ್ಯುತ್ ಸಂಪರ್ಕ, ಮೈಕ್, ಕಂಪ್ಯೂಟರಿನ ತಂತಿ ಎಲ್ಲವನ್ನೂ ತೆಗೆದು ಟ್ರಾನ್ಸೀವರನ್ನು ಬ್ಯಾಟರಿಯಿಂದ ನಡೆಸಿ, ಮುಂಭಾಗದ ಬಟನ್ನಿನಿಂದಲೇ ಕ್ಯಾರಿಯರ್ ಹಾಕಿದಾಗ ದೂರದ ರಿಸೀವರಿನಲ್ಲಿ ಸಿಗ್ನಲ್ ಬ್ಯಾಂಡಿನ ಗದ್ದಲದಲ್ಲಿ ಮುಳುಗಿಹೋಯಿತು. ತಂತಿಗಳನ್ನು ಒಂದೊಂದಾಗಿ ಮರಳಿ ಹಚ್ಚುತ್ತಾ ಬಂದಾಗ ಅದು ಮತ್ತೆ ತಲೆಯೆತ್ತಿದ್ದು ಪವರ್ ಸಪ್ಲೈನ ಡಿಸಿ ತಂತಿಗಳನ್ನು ಸೇರಿಸಿದ ಕೂಡಲೇ. ಆ ತಂತಿಗಳ ಜೋಡಿಗೆ, ಟ್ರಾನ್ಸೀವರಿಗೆ ಆದಷ್ಟು ಹತ್ತಿರದಲ್ಲಿ, ಲೋಡಿನ ಕೇಬಲ್ಲಿನಿಂದ ತೆಗೆದ ಫೆರೈಟ್ ಉಂಗುರವನ್ನೇ ಸುತ್ತಿಡಲಾಗಿದೆ.